ಒಳಹೋಗುವ ಮುನ್ನ ಮರಳುವ ಲೆಕ್ಕ

ಗಣಿ ರಕ್ಷಣಾ ತಂಡದ ತರಬೇತಿಯಲ್ಲಿ ಮುಖ್ಯವಾದದ್ದು ಅಣಕು ಕಾರ್ಯಾಚರಣೆ. ಬೆಂಕಿ, ಹೊಗೆ, ವಿಷಾನಿಲ, ಬಂಡೆ ಕುಸಿತ ಇವುಗಳಲ್ಲೊಂದನ್ನು ಕೃತಕವಾಗಿ ಹುಟ್ಟಿಸಿ, ಐದಾರು ಮಂದಿಯ ತಂಡವನ್ನು ಪೂರ್ಣ ಸಲಕರಣೆಯೊಡನೆ ಒಳಗೆ ಕಳುಹಿಸುತ್ತಾರೆ. ಅವರ ಒಂದೊಂದು ನಿರ್ಧಾರವನ್ನೂ ತರಬೇತುದಾರರು ಬರೆದುಕೊಳ್ಳುತ್ತಾರೆ. 1952ರ ಗಣಿ ಕಾಯ್ದೆಯಡಿ ಬಂದ 1985ರ ಗಣಿ ರಕ್ಷಣಾ ನಿಯಮಗಳ ಪ್ರಕಾರ, ಒಮ್ಮೆ ತರಬೇತಿ ಪಡೆದವರಿಗೂ ಅಭ್ಯಾಸ ನಡೆಯುತ್ತಲೇ ಇರಬೇಕು.

ಕರ್ನಾಟಕದಲ್ಲಿ ಈ ವಿದ್ಯೆಯ ತವರು ಕೋಲಾರ ಚಿನ್ನದ ಗಣಿ (ಕೆಜಿಎಫ್). ಅಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳ ಇಳಿದಿತ್ತು. ತಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಒತ್ತಡ ತಾಳಲಾರದೆ ಬಂಡೆಯೇ ಸಿಡಿಯುವ ರಾಕ್ ಬರ್ಸ್ಟ್ ಅಲ್ಲಿನವರ ನಿತ್ಯದ ಭಯ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಈಗ ನೆಲದಡಿಯ ಚಿನ್ನದ ಕೆಲಸಕ್ಕೆ ರಾಜ್ಯದಲ್ಲಿ ಹೆಸರಾದದ್ದು ರಾಯಚೂರು ಜಿಲ್ಲೆಯ ಹಟ್ಟಿ. ಕೆಜಿಎಫ್‌ನ ಎಷ್ಟೋ ಕುಟುಂಬಗಳು ಬೆಂಗಳೂರಿಗೆ ಬಂದವು. ಪೀಣ್ಯದ ಕಾರ್ಖಾನೆಗಳ ಮಗ್ಗುಲಲ್ಲೇ ಇರುವ ಟಿ. ದಾಸರಹಳ್ಳಿಯಲ್ಲೂ ಅಂಥವರಿದ್ದಾರೆ, ಈ ಲೇಖಕನೂ ಅವರಲ್ಲೊಬ್ಬ.

ಯಾವ ಅಪಾಯವನ್ನು ಅಣಕಿಸಬೇಕು ಎಂಬುದು ಆಯಾ ಗಣಿಯನ್ನು ಅವಲಂಬಿಸಿದೆ. ಕಲ್ಲಿದ್ದಲ ಗಣಿಯಲ್ಲಿ ಮೀಥೇನ್ ಮುಖ್ಯ ಶತ್ರು. ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಶೇ 5ರಿಂದ 15ರ ನಡುವೆ ಇದ್ದರೆ ಒಂದು ಕಿಡಿ ಸಾಕು. ಚಿನ್ನದ ಗಣಿಯಲ್ಲಿ ಹೆಚ್ಚಿನ ಭಯ ಮರದ ಆಸರೆಗೋ ಕೇಬಲ್ಲಿಗೋ ಯಂತ್ರದ ಡೀಸೆಲ್ಲಿಗೋ ಹೊತ್ತುವ ಬೆಂಕಿಯದ್ದು, ಅದು ಉಗುಳುವ ಕಾರ್ಬನ್ ಮೊನಾಕ್ಸೈಡಿನದ್ದು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ.

ಅಭ್ಯಾಸದ ಸುರಂಗ ಇಕ್ಕಟ್ಟಾಗಿರುತ್ತದೆ, ಹೊಗೆಯಿಂದ ತುಂಬಿರುತ್ತದೆ. ಹೊಗೆ ಸಾಲದಿದ್ದರೆ ಮುಖವಾಡದ ಗಾಜನ್ನೇ ಮುಚ್ಚಿಬಿಡುತ್ತಾರೆ. ನಾಯಕ ಮುಂದೆ, ಉಪನಾಯಕ ಹಿಂದೆ, ಎಲ್ಲರನ್ನೂ ಜೋಡಿಸುವ ಒಂದು ಹಗ್ಗ. ಹಳೆಯ ಪ್ರೋಟೋ ಎಂಬ ಉಸಿರಾಟದ ಉಪಕರಣದಲ್ಲಿ ಕೊಳವೆಯನ್ನು ಬಾಯಲ್ಲಿ ಕಚ್ಚಿ ಮೂಗಿಗೆ ಕ್ಲಿಪ್ ಹಾಕಬೇಕಿದ್ದರಿಂದ ಮಾತೇ ಆಡುವಂತಿರಲಿಲ್ಲ. ಹಾರ್ನಿನ ಸದ್ದು, ಹಗ್ಗದ ಎಳೆತವೇ ಭಾಷೆ. ಇಂದಿನ ಮುಖವಾಡದಲ್ಲಿ ಮಾತು ಕೇಳಿಸುತ್ತದೆ. ಆದರೂ ಆ ಸಂಕೇತಗಳನ್ನು ಕೈಬಿಡಬಾರದು ಎಂಬುದು ಈ ಲೇಖಕನ ಅಭಿಪ್ರಾಯ, ಏಕೆಂದರೆ ಗಾಬರಿಯಾದವನ ಮಾತು ಪಕ್ಕದವನಿಗೂ ಅರ್ಥವಾಗುವುದಿಲ್ಲ.

ಈಗ ಬಳಕೆಯಲ್ಲಿರುವ ಉಸಿರಾಟದ ಉಪಕರಣಗಳು ಸುಮಾರು 15 ಕೆ.ಜಿ. ತೂಗುತ್ತವೆ, ಸುಮಾರು 4 ಗಂಟೆ ಕೆಲಸ ಮಾಡುತ್ತವೆ. ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ರಾಸಾಯನಿಕ ಹೀರಿಕೊಂಡು, ಸಿಲಿಂಡರಿನ ಆಮ್ಲಜನಕ ಸೇರಿ, ಅದೇ ಗಾಳಿ ಮತ್ತೆ ಮೂಗಿಗೆ ಬರುತ್ತದೆ. ಹೀರುವ ಕ್ರಿಯೆಯಲ್ಲೇ ಶಾಖ ಹುಟ್ಟುವುದರಿಂದ ಕೆಲವು ಉಪಕರಣಗಳಲ್ಲಿ ಮಂಜುಗಡ್ಡೆ ಇಡಲು ಜಾಗವಿರುತ್ತದೆ. ಆಳದ ಗಣಿಯಲ್ಲಿ ಆಮ್ಲಜನಕ ಮುಗಿಯುವ ಮೊದಲೇ ದೇಹ ಸೋಲುತ್ತದೆ. ಹಾಗಾಗಿ ತಂಪಾದ ಅಂಗಳದಲ್ಲಿ ಮಾಡಿದ ಅಭ್ಯಾಸ ಅರ್ಧ ಅಭ್ಯಾಸವೇ ಸರಿ. ಬಿಸಿ, ತೇವ ತುಂಬಿದ ಕೋಣೆಯಲ್ಲಿ ಮನುಷ್ಯನ ತೂಕದ ಬೊಂಬೆಯನ್ನು ಸ್ಟ್ರೆಚರಿನಲ್ಲಿ ಹೊರಿಸಿದಾಗಲೇ ಯಾರ ಶಕ್ತಿ ಎಷ್ಟೆಂದು ತಿಳಿಯುವುದು.

ಇಷ್ಟನ್ನೂ ಕಲಿಸಬಹುದು. ಕಲಿಸಲು ಕಷ್ಟವಾದದ್ದು ಹಿಂತಿರುಗುವುದು. ಹೋಗುವಾಗ ಒಂದು ಪಾಲು ಆಮ್ಲಜನಕ ಖರ್ಚಾದರೆ ಬರಲು ಎರಡು ಪಾಲು ಉಳಿಸಿಕೊಂಡಿರಬೇಕು ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೆ ಎದುರಿಗೇ ಬೊಂಬೆಯ ಕಾಲು ಕಂಡಾಗ ಮಾಪಕ ನೋಡುವವರು ಕಡಿಮೆ. ಅದಕ್ಕಾಗಿಯೇ ಒಳ್ಳೆಯ ತರಬೇತುದಾರರು ಕೆಲವು ಅಣಕುಗಳನ್ನು ಯಶಸ್ವಿಯಾಗದಂತೆಯೇ ಹೆಣೆಯುತ್ತಾರೆ: ಬೊಂಬೆ ಸಿಗುವ ಮುನ್ನವೇ ಮರಳುವ ಹೊತ್ತು ಬಂದಿರುತ್ತದೆ. ಬರಿಗೈಯಲ್ಲಿ, ಎಲ್ಲರೂ ಕ್ಷೇಮವಾಗಿ ಮರಳಿದ ತಂಡಕ್ಕೆ ಪೂರ್ಣ ಅಂಕ. ಹೊಸಬರಿಗೆ ಇದು ಅನ್ಯಾಯ ಅನ್ನಿಸುತ್ತದೆ, ಅನ್ನಿಸಲಿ.

ಈ ಕಠೋರತೆಗೆ ಕಾರಣವಿದೆ. 2007ರ ಆಗಸ್ಟ್‌ನಲ್ಲಿ ಅಮೆರಿಕದ ಯೂಟಾ ರಾಜ್ಯದ ಕ್ರ್ಯಾಂಡಲ್ ಕ್ಯಾನ್ಯನ್ ಗಣಿಯಲ್ಲಿ ಆರು ಮಂದಿ ಸಿಕ್ಕಿಬಿದ್ದರು. ಹತ್ತು ದಿನಗಳ ಬಳಿಕ ಗೋಡೆ ಮತ್ತೆ ಸಿಡಿದು, ಹುಡುಕಲು ಹೋದವರಲ್ಲಿ ಮೂವರು ಸತ್ತರು. 2010ರ ನವೆಂಬರ್ 19ರಂದು ನ್ಯೂಜಿಲೆಂಡಿನ ಪೈಕ್ ರಿವರ್ ಗಣಿ ಸ್ಫೋಟಿಸಿ 29 ಮಂದಿ ಒಳಗುಳಿದರು. ಬಂಧುಗಳ ಸಂಕಟದ ನಡುವೆಯೂ ರಕ್ಷಕರನ್ನು ಒಳಗೆ ಬಿಡಲಿಲ್ಲ. 24ರಂದು ಎರಡನೇ ಸ್ಫೋಟವಾಯಿತು.

ಅಣಕು ಮುಗಿದ ಮೇಲಿನ ಚರ್ಚೆ ಅದೇ ದಿನ, ಬೆವರು ಆರುವ ಮೊದಲೇ ನಡೆಯಬೇಕು. ಮರುದಿನಕ್ಕೆ ಬಿಟ್ಟರೆ ಎಲ್ಲರ ನೆನಪೂ ನಾಯಕನ ಮಾತಿಗೆ ಹೊಂದಿಕೊಂಡಿರುತ್ತದೆ. ಕಿರಿಯರು ಮೊದಲು ಮಾತಾಡುವುದು, ನಾಯಕ ಕೊನೆಗೆ ಮಾತಾಡುವುದು ಒಳ್ಳೆಯ ಪದ್ಧತಿ.

ಗಣಿಯಿಲ್ಲದ ಊರಿಗೂ ಈ ಪಾಠ ಸಲ್ಲುತ್ತದೆ. ಮ್ಯಾನ್‌ಹೋಲ್, ಕಾರ್ಖಾನೆಯ ತ್ಯಾಜ್ಯನೀರಿನ ಟ್ಯಾಂಕು, ಅಪಾರ್ಟ್‌ಮೆಂಟಿನ ಸಂಪು ಎಲ್ಲವೂ ಗಾಳಿಯಾಡದ ಗುಂಡಿಗಳೇ. ಒಬ್ಬ ಕುಸಿದುಬಿದ್ದ, ಎತ್ತಲು ಇಳಿದ ಇನ್ನೊಬ್ಬನೂ ಸತ್ತ ಎಂಬ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪೀಣ್ಯ, ದಾಸರಹಳ್ಳಿಯ ಕಾರ್ಖಾನೆಗಳವರು ಖಾಲಿ ಮಾಡಿ, ಅನಿಲ ಪರೀಕ್ಷಿಸಿದ ಟ್ಯಾಂಕೊಂದರಲ್ಲಿ ಬೊಂಬೆ ಇಟ್ಟು ಅಣಕು ನಡೆಸಲಿ. ಒಬ್ಬನನ್ನು ಟ್ಯಾಂಕಿನ ಬಾಯಲ್ಲೇ ನಿಲ್ಲಿಸಿ, ಏನೇ ಆದರೂ ಇಳಿಯಬಾರದು, ಫೋನ್ ಮಾಡುವುದು, ಹಗ್ಗ ಎಳೆಯುವುದು ಇಷ್ಟೇ ನಿನ್ನ ಕೆಲಸ ಎಂದು ಅವನಿಗೆ ಕಲಿಸಲಿ.