ಮಕ್ಕಳ ಆರೋಗ್ಯ: ಒದ್ದೆ ಹಾಸಿಗೆಯ ಪ್ರಶ್ನೆಗಳು

ಪ್ರಶ್ನೆ: ಮಗನಿಗೆ ಎರಡೂವರೆ ವರ್ಷ. ಜೂನ್‌ನಲ್ಲಿ ನರ್ಸರಿ. ಅಷ್ಟರೊಳಗೆ ಡೈಪರ್ ಬಿಡಿಸಿ ಎನ್ನುತ್ತಾರೆ ಶಾಲೆಯವರು. ನನ್ನ ಗಂಡ ಒಂದು ವರ್ಷಕ್ಕೇ ಹೇಳಿ ಮಾಡುತ್ತಿದ್ದರಂತೆ, ಅತ್ತೆಯ ಮಾತು.
– ಗೃಹಿಣಿ, ದಾವಣಗೆರೆ

ಉತ್ತರ: ಒಂದು ವರ್ಷದ ಮಗು ಹೇಳಿ ಮಾಡುವುದಿಲ್ಲ ತಾಯಿ. ಅಜ್ಜಿಯರು ಹೊತ್ತು ನೋಡಿ ಕಾಲ ಮೇಲೆ ಕೂರಿಸಿ 'ಸ್ಸ್' ಎನ್ನುತ್ತಾರೆ, ಮೂತ್ರಕೋಶ ತುಂಬಿದ್ದರೆ ಹೊಯ್ಯುತ್ತದೆ. ತರಬೇತಾದದ್ದು ಅಜ್ಜಿಗೆ. ತುಂಬಿದೆ ಎಂಬ ಅರಿವು ಮೂಡುವುದು ಒಂದೂವರೆ, ಎರಡು ವರ್ಷಕ್ಕೆ. ತಡೆದುಕೊಂಡು ಬಚ್ಚಲಿನವರೆಗೆ ಹೋಗುವುದು ಇನ್ನೂ ಆಮೇಲೆ. ಹಗಲಿನ ಹಿಡಿತ ಹೆಚ್ಚಿನ ಮಕ್ಕಳಿಗೆ ನಾಲ್ಕರೊಳಗೆ ಬರುತ್ತದೆ. ಚಡ್ಡಿ ಎರಡು ಗಂಟೆ ಒಣಗಿರುತ್ತಿದ್ದರೆ ಡೈಪರ್ ಬಿಚ್ಚಿ. ಇಲ್ಲವಾದರೆ ಶಾಲೆ ಕಾಯಲಿ. ಹಾಂ, ಧಾರೆ ದೂರ ಬೀಳುತ್ತದೆಯೇ? ಮುಕ್ಕಿ ಮುಕ್ಕಿ ತೊಟ್ಟಿಕ್ಕಿಸುತ್ತಿದ್ದರೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ, ತಡ ಬೇಡ.

ಪ್ರಶ್ನೆ: ಮಗಳಿಗೆ ಏಳು ವರ್ಷ. ಹಗಲು ಸರಿ, ರಾತ್ರಿ ಹಾಸಿಗೆ ಒದ್ದೆ. ಸಂಜೆ ಐದರ ಮೇಲೆ ನೀರು ಕೊಡುತ್ತಿಲ್ಲ. ಸಣ್ಣದೊಂದು ಬರೆ ಹಾಕಿಸಿದರೆ ನಿಲ್ಲುತ್ತದೆ ಎನ್ನುತ್ತಾರೆ ಹಿರಿಯರು.
– ಹೆಸರು ಬೇಡ, ಕೊಪ್ಪಳ ಜಿಲ್ಲೆ

ಉತ್ತರ: ಬರೆಯಲ್ಲಿ ಸಣ್ಣದು ದೊಡ್ಡದು ಏನು ಬಂತು? ಸುಟ್ಟ ಚರ್ಮ ಕೀವಾಗಿ ನನ್ನ ಮುಂದೆ ಬಂದು ಕೂರುತ್ತದೆ, ಹಾಸಿಗೆ ಮಾತ್ರ ಒದ್ದೆಯಾಗಿಯೇ ಇರುತ್ತದೆ. 'ಪಕ್ಕದ ಮನೆ ಹುಡುಗನಿಗೆ ನಿಂತಿತಲ್ಲ' ಎನ್ನುತ್ತೀರಿ. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಂದಿ ರಾತ್ರಿ ಒದ್ದೆ ಮಾಡುತ್ತಾರೆ. ಪ್ರತಿ ವರ್ಷ ಇಂಥವರಲ್ಲಿ ಏಳಕ್ಕೊಬ್ಬರಿಗೆ ತಾನಾಗಿಯೇ ನಿಲ್ಲುತ್ತದೆ. ಆ ವರ್ಷ ಬರೆ ಹಾಕಿದವರಿಗೆ ಹೆಸರು ಬರುತ್ತದೆ, ಎಳ್ಳುಂಡೆ ಕೊಟ್ಟವರಿಗೂ ಬರುತ್ತದೆ. ಎಳ್ಳುಂಡೆ ತಿನ್ನಲಿ ಬಿಡಿ, ರುಚಿಯಾಗಿರುತ್ತದೆ.

ಏಳು ವರ್ಷದ ಮೂತ್ರಕೋಶ ಹಿಡಿಯುವುದು ಸುಮಾರು 240 ಮಿ.ಲೀ. ರಾತ್ರಿ ಮೂತ್ರ ಕಡಿಮೆ ಮಾಡುವ ವಾಸೊಪ್ರೆಸಿನ್ ಹಾರ್ಮೋನ್ ಕೆಲವು ಮಕ್ಕಳಲ್ಲಿ ಸಾಲದು, ಕೋಶ ತುಂಬಿದರೂ ಎಚ್ಚರವಾಗದು. ನಿದ್ದೆಯಲ್ಲಿ ಆಗುವುದಕ್ಕೆ ಹಗಲು ಹೆದರಿಸಿ ಏನು ಫಲ? ಅಪ್ಪನ ಬಾಲ್ಯವನ್ನು ಅಜ್ಜಿಯ ಹತ್ತಿರ ಒಮ್ಮೆ ಕೇಳಿ. ಇದು ವಂಶದಲ್ಲಿ ಬರುವಂಥದ್ದು.

ನೀರು ನಿಲ್ಲಿಸಬೇಡಿ. ಬೆಳಗ್ಗೆ, ಮಧ್ಯಾಹ್ನ ಚೆನ್ನಾಗಿ ಕುಡಿಸಿದರೆ ರಾತ್ರಿ ತಾನೇ ಕಡಿಮೆ ಕೇಳುತ್ತಾಳೆ. ಮಲಬದ್ಧತೆ ಇದೆಯೇ ಎಂದು ನೀವು ಬರೆದಿಲ್ಲ, ಯಾರೂ ಬರೆಯುವುದಿಲ್ಲ. ಗಟ್ಟಿ ಮಲ ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಶಾಲೆಯ ಶೌಚಾಲಯಕ್ಕೆ ಹೋಗುತ್ತಾಳೋ, ಮನೆಗೆ ಬರುವವರೆಗೆ ಬಿಗಿಹಿಡಿಯುತ್ತಾಳೋ ವಿಚಾರಿಸಿ. ಮೂತ್ರ ಪರೀಕ್ಷೆ, ಕಲ್ಚರ್ ಎರಡೂ ಮಾಡಿಸಿ. ಅವು ಸರಿಯಿದ್ದರೆ ಒದ್ದೆಯಾದೊಡನೆ ಎಬ್ಬಿಸುವ ಅಲಾರಂ ಇದೆ, ಮಾತ್ರೆಯೂ ಇದೆ. ಮಾತ್ರೆಯನ್ನು ವೈದ್ಯರನ್ನು ಕೇಳದೆ ಅಂಗಡಿಯಿಂದ ತರಬೇಡಿ.

ಪ್ರಶ್ನೆ: ಐದೂವರೆ ವರ್ಷದ ಮಗ ಎರಡು ವರ್ಷದಿಂದ ಸರಿಯಾಗಿದ್ದ. ಮೂರು ವಾರದಿಂದ ಮತ್ತೆ ಹಾಸಿಗೆ ಒದ್ದೆ. ರಾತ್ರಿ ಎದ್ದೆದ್ದು ನೀರು ಕುಡಿಯುತ್ತಾನೆ, ಸೊರಗಿದ್ದಾನೆ. ತಂಗಿ ಹುಟ್ಟಿದ ಹೊಟ್ಟೆಕಿಚ್ಚೇ?
– ಓದುಗರು, ಹಾಸನ

ಉತ್ತರ: ನಿಮಗೆ ಫೋನ್‌ನಲ್ಲೇ ಹೇಳಿದ್ದೇನೆ, ಉಳಿದವರಿಗಾಗಿ ಇಲ್ಲಿ. ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗಿ, ಬಾಯಾರಿಕೆ ಹೆಚ್ಚಿ, ತೂಕ ಇಳಿದರೆ ಅದೇ ದಿನ ರಕ್ತದ ಸಕ್ಕರೆ ನೋಡಿಸಿ. ಮಕ್ಕಳಿಗೂ ಡಯಾಬಿಟೀಸ್ ಬರುತ್ತದೆ. ಬೆರಳು ಚುಚ್ಚಿ ನೋಡಲು ಒಂದು ನಿಮಿಷ ಸಾಕು. ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ನಡುರಾತ್ರಿಯಾದರೂ ದೊಡ್ಡಾಸ್ಪತ್ರೆಗೆ ಹೊರಡಿ. ಸಕ್ಕರೆ ಸರಿಯಿದ್ದರೆ ಮೂತ್ರದ ಕಲ್ಚರ್. ಅದೂ ಸರಿಯಿದ್ದರೆ, ಆಗ ತಂಗಿಯ ವಿಚಾರ ಮಾತಾಡೋಣ.