ದಾಳಿಂಬೆ ಸೊರಗಿದರೆ ಎಲೆ ಬಿಡಿ, ಬುಡ ನೋಡಿ

ಕೋರ ಹೋಬಳಿಯಿಂದ ಶಿರಾ, ಮಧುಗಿರಿಯವರೆಗೆ ದಾಳಿಂಬೆ ಬೆಳೆಗಾರರ ನಿದ್ದೆಗೆಡಿಸುವ ಕಾಯಿಲೆ ಸೊರಗು ರೋಗ. ಒಂದು ಕೊಂಬೆ ಹಳದಿಗಟ್ಟುತ್ತದೆ, ನೋಡನೋಡುತ್ತ ಕಾಯಿ ಹೊತ್ತ ಗಿಡವೇ ಒಣಗುತ್ತದೆ. ಆಗ ಎಲೆಗೆ ಔಷಧಿ ಹೊಡೆದು ಫಲವಿಲ್ಲ, ಕೇಡು ಬುಡದಲ್ಲಿದೆ.

ಮೊದಲು ಕಾಂಡದ ಬುಡ ಪರೀಕ್ಷಿಸಿ. ಗುಂಡುಸೂಜಿಯ ತಲೆಯಷ್ಟು ತೂತು, ಅದರ ಬಾಯಲ್ಲಿ ಮರದ ಪುಡಿ ಕಂಡರೆ ಅದು ಶಾಟ್ ಹೋಲ್ ಬೋರರ್ ದುಂಬಿಯ ಕೆಲಸ. ಸುಮಾರು 2 ಮಿ.ಮೀ. ಉದ್ದದ ಈ ದುಂಬಿ ಮರವನ್ನು ತಿನ್ನುವುದಿಲ್ಲ. ಕೊರೆದ ಸುರಂಗದಲ್ಲಿ ತಾನು ಹೊತ್ತು ತಂದ ಶಿಲೀಂಧ್ರ ಬೆಳೆಸುತ್ತದೆ. ಮರಿಗಳಿಗೆ ಅದೇ ಆಹಾರ. ಗಿಡವನ್ನು ಕೊಲ್ಲುವುದು ಇನ್ನೊಂದು ಶಿಲೀಂಧ್ರ, ಸೆರಟೊಸಿಸ್ಟಿಸ್. ಬೇರು, ಗಾಯಗಳ ಮೂಲಕ ಒಳಹೊಕ್ಕು ನೀರು ಏರುವ ನಾಳಗಳನ್ನೇ ಕಟ್ಟಿಹಾಕುತ್ತದೆ. ದುಂಬಿ ಹೊರಚೆಲ್ಲುವ ಪುಡಿಯಲ್ಲೂ ಇದರ ಬೀಜಕಣಗಳು ಹರಡುತ್ತವೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1990ರ ದಶಕದ ಕೊನೆಯಿಂದ ಪೈನ್ ಕಾಡುಗಳನ್ನು ಒಣಗಿಸಿದ್ದೂ ಇಂಥದೇ ಜೋಡಿ: ತೊಗಟೆ ದುಂಬಿ ಮತ್ತು ಮರವನ್ನು ನೀಲಿಗಟ್ಟಿಸುವ ಶಿಲೀಂಧ್ರ.

ಆಮೇಲೆ ಸೊರಗಿದ ಗಿಡದ ಕಾಂಡವನ್ನು ಬುಡದ ಹತ್ತಿರ ಅಡ್ಡ ಕೊಯ್ಯಿರಿ. ಒಳಗೆ ಬೂದುಗಂದು ಪಟ್ಟೆಯಿದ್ದರೆ ಸೆರಟೊಸಿಸ್ಟಿಸ್ ಶಂಕೆ ಬಲವಾಗುತ್ತದೆ. ಬೇರಿನಲ್ಲಿ ಗಂಟುಗಳಿವೆಯೇ ಎಂದೂ ನೋಡಿ. ಜಂತುಹುಳು ಮಾಡಿದ ಗಾಯವೂ ಶಿಲೀಂಧ್ರಕ್ಕೆ ಬಾಗಿಲು.

ಪೂರ್ತಿ ಒಣಗಿದ ಗಿಡ ಉಳಿಯದು. ಬೇರುಸಮೇತ ಕಿತ್ತು ಅಲ್ಲೇ ಸುಡಿ. ತೋಟದುದ್ದಕ್ಕೂ ಎಳೆದೊಯ್ಯುವುದು, ಸೌದೆಗೆಂದು ಒಟ್ಟುವುದು ಖಂಡಿತ ಬೇಡ. ಆ ಸೌದೆಯಿಂದಲೇ ದುಂಬಿ ಹೊರಬರುತ್ತದೆ. ಔಷಧಿ ಬೇಕಿರುವುದು ಸುತ್ತಲಿನ ಗಿಡಗಳಿಗೆ. ಪ್ರೊಪಿಕೊನಜೋಲ್, ಕ್ಲೋರ್‌ಪೈರಿಫಾಸ್ ದ್ರಾವಣವನ್ನು ಬುಡಕ್ಕೆ ಸುರಿಯುವ ರೂಢಿಯಿದೆ. ಪ್ರಮಾಣವನ್ನು ಮಾತ್ರ ಅಂಗಡಿಯವರ ಮಾತಿನ ಮೇಲೆ ನಿರ್ಧರಿಸಬೇಡಿ. ರೋಗದ ಪಾತಿಯ ನೀರು ಪಕ್ಕದ ಗಿಡಕ್ಕೆ ಹರಿಯಬಾರದು. ಚಾಟ್ನಿ ಮಾಡುವ ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಸ್ಪಿರಿಟ್‌ನಲ್ಲಿ ಒರೆಸಿ.

ಎರಡನೇ ವರ್ಷದಿಂದಲೇ ಕಾಂಡಕ್ಕೆ ಲೇಪನ ಕೊಡಿ. 10 ಲೀಟರ್ ನೀರಿಗೆ 4 ಕೆ.ಜಿ. ಕೆಮ್ಮಣ್ಣು, 20 ಮಿ.ಲೀ. ಕ್ಲೋರ್‌ಪೈರಿಫಾಸ್, 25 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕಲಸಿ, ಕೈಗವಸು ಹಾಕಿಕೊಂಡು ನೆಲದಿಂದ 2 ಅಡಿವರೆಗೆ ಬಳಿಯಿರಿ. ಹೊಸದಾಗಿ ನೆಡುವವರು ರೋಗವಿದ್ದ ತೋಟದಿಂದ ಗೂಟಿ ಸಸಿ ತರಬೇಡಿ, ಎಷ್ಟೇ ಅಗ್ಗಕ್ಕೆ ಸಿಕ್ಕರೂ.

ಅನುಮಾನವಿದ್ದರೆ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ದೂರವಿಲ್ಲ. ಪೂರ್ತಿ ಒಣಗಿದ್ದಲ್ಲ, ಈಗಷ್ಟೇ ಸೊರಗುತ್ತಿರುವ ಗಿಡದ ಕಾಂಡದ ತುಂಡು, ಬೇರು ಮತ್ತು ಬುಡದ ಒಂದು ಹಿಡಿ ಮಣ್ಣನ್ನು ಬೇರೆಬೇರೆ ಚೀಲಗಳಲ್ಲಿ ಬಿಗಿಯಾಗಿ ಕಟ್ಟಿ, ಅದೇ ದಿನ ತೆಗೆದುಕೊಂಡು ಹೋಗಿ.