ಹೊಟ್ಟನ್ನು ಹುಟ್ಟಿದಲ್ಲೇ ಹಿಡಿಯಿರಿ

ಮರಗೆಲಸ ಕಲಿಯಲು ಬರುವವರು ಯಾವ ಸ್ಯಾಂಡರ್ ಒಳ್ಳೆಯದು, ಯಾವ ಗರಗಸ ಕೊಳ್ಳಲಿ ಎಂದು ಕೇಳುತ್ತಾರೆ. ಅದರ ಹಿಂಬದಿಯಲ್ಲಿ ಧೂಳು ಹೊರಬರುವ ಮೂತಿಗೆ ಯಾವ ಪೈಪು ಹಾಕಬೇಕೆಂದು ಕೇಳುವವರು ಅಪರೂಪ. ಕೆಳಗೆ ಬಿದ್ದ ದಪ್ಪ ಹೊಟ್ಟನ್ನು ಸಂಜೆ ಗುಡಿಸಿದರಾಯಿತು. ಸ್ಯಾಂಡರ್ ಎಬ್ಬಿಸುವ ನುಣ್ಣನೆಯ ಧೂಳು ಹಾಗಲ್ಲ. ಯಂತ್ರ ನಿಲ್ಲಿಸಿ ಬಹಳ ಹೊತ್ತಾದರೂ ಗಾಳಿಯಲ್ಲೇ ಇದ್ದು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಬೀಟೆಯ ಧೂಳಿಗೆ ಕೆಲವರ ಮೈಯೆಲ್ಲ ತುರಿಸಿ ದದ್ದು ಏಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವಂತೂ 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಆದ್ದರಿಂದ ಪೈಪು ಜೋಡಿಸುವುದನ್ನೂ ಉಳಿ ಹಿಡಿಯುವಷ್ಟೇ ಶ್ರದ್ಧೆಯಿಂದ ಕಲಿಯಬೇಕು.

ಮೊದಲು ಧೂಳು ಎಳೆಯುವ ಯಂತ್ರವನ್ನು ತಿಳಿದುಕೊಳ್ಳಿ. ಇದರಲ್ಲಿ ಎರಡು ಬಗೆ. ವರ್ಕ್‌ಶಾಪ್ ವ್ಯಾಕ್ಯೂಮ್ ಕ್ಲೀನರ್ ಬಲವಾಗಿ ಎಳೆಯುತ್ತದೆ, ಆದರೆ ಎಳೆಯುವ ಗಾಳಿ ಕಡಿಮೆ. ದೊಡ್ಡ ಚೀಲದ ಡಸ್ಟ್ ಕಲೆಕ್ಟರ್ ಮೆಲ್ಲಗೆ ಎಳೆಯುತ್ತದೆ, ಆದರೆ ಗಾಳಿ ಹೇರಳ. ಸ್ಯಾಂಡರ್, ರೂಟರ್, ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ಇವುಗಳ ಮೂತಿ ಸಣ್ಣದು. ಇವಕ್ಕೆ ವ್ಯಾಕ್ಯೂಮ್ ಮತ್ತು 27ರಿಂದ 38 ಮಿ.ಮೀ. ಪೈಪು ಸರಿ. ಚಕ್ಕೆಗಳನ್ನು ರಾಶಿಗಟ್ಟಲೆ ಕಾರುವ ಥಿಕ್‌ನೆಸ್ ಪ್ಲೇನರ್, ಟೇಬಲ್ ಸಾಗಳಿಗೆ ಡಸ್ಟ್ ಕಲೆಕ್ಟರ್ ಮತ್ತು 100 ಮಿ.ಮೀ. ಪೈಪು ಬೇಕು.

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಡಸ್ಟ್ ಕಲೆಕ್ಟರ್ ಇದೆಯಲ್ಲ ಎಂದು ಅದರ 100 ಮಿ.ಮೀ. ಪೈಪಿಗೆ ರೆಡ್ಯೂಸರ್ ಹಾಕಿ 32 ಮಿ.ಮೀ.ಗೆ ಇಳಿಸಿ ಸ್ಯಾಂಡರಿಗೆ ಸಿಕ್ಕಿಸುತ್ತಾರೆ. ವ್ಯಾಸ ಮೂರನೇ ಒಂದು ಪಾಲಾದರೆ ಗಾಳಿಯ ದಾರಿ ಸುಮಾರು ಹತ್ತನೇ ಒಂದು ಪಾಲಾಗುತ್ತದೆ. ಅಷ್ಟು ಕಿರಿದಾದ ದಾರಿಯಲ್ಲಿ ಎಳೆಯುವ ಬಲ ಆ ಫ್ಯಾನಿಗಿಲ್ಲ.

ಇನ್ನು ಅಳತೆ. ಅಂಗಡಿಗೆ ಹೋಗುವ ಮೊದಲು ವರ್ನಿಯರ್ ಕ್ಯಾಲಿಪರ್‌ನಲ್ಲಿ ಯಂತ್ರದ ಮೂತಿಯ ಒಳವ್ಯಾಸ, ಹೊರವ್ಯಾಸ ಎರಡನ್ನೂ ಬರೆದುಕೊಳ್ಳಿ. ಪೈಪು ಮೂತಿಯ ಮೇಲೆ ಕೂರುತ್ತದೆಯೋ, ಒಳಗೆ ಹೋಗುತ್ತದೆಯೋ ನೋಡಿ. ಮೇಲೆ ಕೂರುವುದಾದರೆ ಮೂತಿಯ ಹೊರವ್ಯಾಸಕ್ಕೆ ಪೈಪಿನ ಒಳವ್ಯಾಸ ಹೊಂದಬೇಕು. ಒಳಗೆ ಹೋಗುವುದಾದರೆ ಇದಕ್ಕೆ ತಿರುಗಾಮುರುಗ. ಬಳುಕುವ ಹೋಸನ್ನು ಸಾಮಾನ್ಯವಾಗಿ ಒಳವ್ಯಾಸದ ಲೆಕ್ಕದಲ್ಲಿ ಮಾರುತ್ತಾರೆ. ಹಾರ್ಡ್‌ವೇರ್ ಅಂಗಡಿಯ 63 ಮಿ.ಮೀ. ಪಿವಿಸಿ ಪೈಪಿನಲ್ಲಿ 63 ಎಂಬುದು ಹೊರವ್ಯಾಸ. ಇದನ್ನು ಮರೆತರೆ ತಂದ ಪೈಪು ಕೂರುವುದಿಲ್ಲ.

ಮೂತಿಯ ಹೊರವ್ಯಾಸ 35 ಮಿ.ಮೀ., ಪೈಪಿನ ಒಳವ್ಯಾಸ 38 ಎಂದಿಟ್ಟುಕೊಳ್ಳಿ. ಸುತ್ತಲೂ ಒಂದೂವರೆ ಮಿ.ಮೀ. ಸಂದು ಉಳಿಯಿತು. ಸೀಳಿದ ಸ್ಟ್ರಾದಲ್ಲಿ ಎಳನೀರು ಹೀರಿದರೆ ಬಾಯಿಗೆ ಗಾಳಿ ಬರುವ ಹಾಗೆ, ವ್ಯಾಕ್ಯೂಮ್ ಆ ಸಂದಿನಿಂದ ಬರೀ ಗಾಳಿ ಎಳೆಯುತ್ತದೆ. ಧೂಳು ಮರದ ಮೇಲೇ ಉಳಿಯುತ್ತದೆ. ಅಳತೆಗೆ ಸರಿಯಾದ ಅಡಾಪ್ಟರ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಹಳೆಯ ಸೈಕಲ್ ಟ್ಯೂಬನ್ನು ಎರಡು ಬೆರಳಗಲದ ಪಟ್ಟಿಯಾಗಿ ಕತ್ತರಿಸಿ, ಮೂತಿಗೆ ಎಳೆದು ಎರಡು ಸುತ್ತು ಸುತ್ತಿ. ಅದರ ಮೇಲೆ ಪೈಪನ್ನು ತಿರುವುತ್ತಾ ಏರಿಸಿ, ಹೋಸ್ ಕ್ಲಿಪ್ ಹಾಕಿ ಸ್ಕ್ರೂಡ್ರೈವರ್‌ನಲ್ಲಿ ಬಿಗಿ ಮಾಡಿ. ಮೂತಿ ಪ್ಲಾಸ್ಟಿಕ್ಕಿನದು, ಪೈಪು ಜಾರದಷ್ಟು ಬಿಗಿ ಸಾಕು, ಮಿತಿಮೀರಿದರೆ ಸೀಳುತ್ತದೆ.

ಸ್ಯಾಂಡರ್‌ನಲ್ಲಿ ಇನ್ನೊಂದು ಜಾಗ ನೋಡಬೇಕು. ತಳದ ಪ್ಯಾಡಿನಲ್ಲಿ ತೂತುಗಳಿರುತ್ತವೆ. ಸ್ಯಾಂಡ್‌ಪೇಪರಿನ ತೂತುಗಳು ಅವುಗಳ ನೇರಕ್ಕೇ ಕೂರಬೇಕು. ಓರೆಯಾಗಿ ಅಂಟಿಸಿದರೆ, ಎಷ್ಟು ಒಳ್ಳೆಯ ಪೈಪಿದ್ದರೂ ಧೂಳಿಗೆ ಒಳಹೋಗಲು ದಾರಿಯೇ ಇಲ್ಲ. ಎಳೆತ ಜಾಸ್ತಿಯಾಗಿ ಪ್ಯಾಡು ಮರಕ್ಕೆ ಕಚ್ಚಿಕೊಳ್ಳುತ್ತಿದ್ದರೆ ವ್ಯಾಕ್ಯೂಮಿನ ಬಲ ಸ್ವಲ್ಪ ಇಳಿಸಿ.

ಪೈಪು ಆದಷ್ಟು ಗಿಡ್ಡವಾಗಿರಲಿ. ಉದ್ದವಾದಷ್ಟೂ, ಮಡಿಕೆ ಬಿದ್ದಷ್ಟೂ ಎಳೆತ ಸೋಲುತ್ತದೆ. ಯಂತ್ರದ ವೈರನ್ನು ಪೈಪಿಗೆ ಅಲ್ಲಲ್ಲಿ ಕಟ್ಟಿ, ಎರಡನ್ನೂ ಮೇಲಿನ ತೊಲೆಯಿಂದ ಹಗ್ಗದಲ್ಲಿ ಇಳಿಬಿಟ್ಟರೆ ಕೈಗೆ ಭಾರವಿಲ್ಲ, ಕಾಲಿಗೆ ತೊಡರುವುದಿಲ್ಲ. ವ್ಯಾಕ್ಯೂಮನ್ನು ಯಂತ್ರಕ್ಕಿಂತ ಮೊದಲು ಶುರು ಮಾಡಿ; ಯಂತ್ರ ನಿಂತ ಮೇಲೂ ತುಸು ಹೊತ್ತು ಓಡಲಿ, ಪೈಪಿನೊಳಗೆ ಉಳಿದದ್ದೂ ಬರುತ್ತದೆ.

ಎರಡು ಎಚ್ಚರಿಕೆಗಳು. ಒಣ ಹವೆಯಲ್ಲಿ ಧೂಳು ಉಜ್ಜಿ ಪ್ಲಾಸ್ಟಿಕ್ ಪೈಪಿನಲ್ಲಿ ಸ್ಥಿರ ವಿದ್ಯುತ್ ಕೂಡುತ್ತದೆ, ಮುಟ್ಟಿದಾಗ ಚುರುಕ್ ಎನ್ನುತ್ತದೆ. ಕೊಳ್ಳುವಾಗ ಆ್ಯಂಟಿಸ್ಟ್ಯಾಟಿಕ್ ಹೋಸ್ ಕೇಳಿ. ಅರ್ಥಿಂಗ್ ಇರುವ ವ್ಯಾಕ್ಯೂಮಿಗೆ ಜೋಡಿಸಿದರೆ ಮಾತ್ರ ಅದರಿಂದ ಪ್ರಯೋಜನ. ಎರಡನೆಯದು ಬೆಂಕಿ. ಮರದ ಧೂಳು ತುಂಬಿದ ವ್ಯಾಕ್ಯೂಮಿಗೆ ಕಬ್ಬಿಣ ಉಜ್ಜುವ ಗ್ರೈಂಡರನ್ನು ಎಂದೂ ಜೋಡಿಸಬೇಡಿ. ಒಂದು ಕಿಡಿ ಚೀಲದೊಳಗೆ ಹೋದರೆ, ನೀವು ಬೀಗ ಹಾಕಿ ಮನೆಗೆ ಹೋದ ಮೇಲೆ ಹೊತ್ತಿಕೊಳ್ಳಬಹುದು.

ಜೋಡಣೆ ಸರಿಯಾಗಿದೆಯೇ ಎಂದು ತಿಳಿಯಲು ಸಂಜೆ ದೀಪ ಆರಿಸಿ, ಕೆಲಸದ ಮೇಜಿನ ಪಕ್ಕದಿಂದ ಟಾರ್ಚ್ ಬಿಟ್ಟು, ಒಂದು ತುಂಡು ಹಲಗೆಯನ್ನು ಸ್ಯಾಂಡರ್‌ನಲ್ಲಿ ಉಜ್ಜಿ. ಬೆಳಕಿನಲ್ಲಿ ಧೂಳು ಎಲ್ಲಿಂದ ಏಳುತ್ತಿದೆಯೋ ಅಲ್ಲಿ ನಿಮ್ಮ ಕೆಲಸ ಬಾಕಿಯಿದೆ. ಎಷ್ಟು ಚೆನ್ನಾಗಿ ಜೋಡಿಸಿದರೂ ಸ್ವಲ್ಪ ಧೂಳು ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಎನ್95 ಮಾಸ್ಕ್ ಹಾಕಿ. ಹಲಗೆ ಹಿಡಿದುಕೊಳ್ಳಲು ಪಕ್ಕದಲ್ಲಿ ನಿಂತ ಹುಡುಗನಿಗೂ ಒಂದು ಕೊಡಿ, ಅವನೂ ಅದೇ ಗಾಳಿ ಉಸಿರಾಡುತ್ತಾನೆ.